ಕೋರಮಂಡಲ್ ಸೈರನ್ ವೇಲ್ಸಿನಲ್ಲಿ ಕೂಗಿದ್ದು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುತ್ತಾ ಓದುತ್ತಾ ನೀವು ಅಲ್ಲಿನ ಮಳೆಯನ್ನೋ ಜನರನ್ನೋ ಬೈಯಲು ಶುರು ಮಾಡುತ್ತೀರಿ. ಎಂಬತ್ತು ದಾಟಿದ ಒಬ್ಬ ಹೆಂಗಸು ಅರ್ಧ ಕುಡಿದ ಟೀ ಬಿಟ್ಟು, ಕೋಟನ್ನು ಕುರ್ಚಿಯ ಮೇಲೇ ಮರೆತು, ಮಳೆಯಲ್ಲಿ ಗುಡ್ಡ ಹತ್ತಿ ಹೋಗಿ ಬಾಗಿಲು ಹಾಕಿಕೊಂಡದ್ದು ನನ್ನಿಂದ. ತಮಾಷೆ ಏನೆಂದರೆ, ಅವರನ್ನು ಆ ಬಾಗಿಲಿನಿಂದ ಹೊರಗೆ ತರುವುದೇ ನನಗೆ ಒಪ್ಪಿಸಿದ್ದ ಕೆಲಸ. ತಂದೂ ಇದ್ದೆ. ಮೂರೇ ವಾರದಲ್ಲಿ ನಾನೇ ಮತ್ತೆ ಒಳಗೆ ಅಟ್ಟಿದೆ.

ನಾನು ಓದುತ್ತಿರುವುದು ಎಂ.ಎಸ್.ಡಬ್ಲ್ಯೂ, ಕನ್ನಡದಲ್ಲಿ ಸಮಾಜ ಕಾರ್ಯ. ಊರು ಕ್ಯಾಸಂಬಳ್ಳಿ ಪಕ್ಕ. ಈ ಕೋರ್ಸ್ ಏನು ಅಂತ ಡೇರಿಯ ಹತ್ತಿರ ಯಾರಾದರೂ ಕೇಳಿದರೆ ಅಪ್ಪ ಕೊಡುವ ಉತ್ತರ ಇದು: "ಮನೆಮನೆಗೂ ಓಗಿ ಕಷ್ಟ ಸುಖ ಇಚಾರಿಸ್ಕಂಡು ಬರೋದು. ಅದ್ಕೂ ಈಗ ಡಿಗ್ರಿ ಕೊಡ್ತಾರಂತೆ." ಇದಕ್ಕಿಂತ ಸರಿಯಾದ ವ್ಯಾಖ್ಯೆ ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲ.

ಓದಿಗಿಂತ ನನಗೆ ಚೆನ್ನಾಗಿ ಬರುವುದು ಮಿಮಿಕ್ರಿ. ಡೇರಿ ಸೆಕ್ರೆಟರಿ ಹಾಲಿಗೆ ಮೂಗು ಮುರಿಯುವುದು, ರಾಬರ್ಟ್‌ಸನ್‌ಪೇಟೆ ಬಸ್ಸಿನ ಕಂಡಕ್ಟರ್ ಮೂರು ಭಾಷೆಯಲ್ಲಿ ಒಂದೇ ಉಸಿರಿಗೆ ಬೈಯುವುದು, ನಮ್ಮ ವಿಭಾಗದ ಮುಖ್ಯಸ್ಥರು ಕೆಮ್ಮಿ ಕೆಮ್ಮಿ 'ಮಾನವೀಯತೆ' ಅನ್ನುವುದು, ಎಲ್ಲ ಬರುತ್ತದೆ. ಅದೇ ಮುಖ್ಯಸ್ಥರು ನನ್ನನ್ನು ವಿನಿಮಯ ಕಾರ್ಯಕ್ರಮಕ್ಕೆ ಆರಿಸಿದರು. ಹನ್ನೆರಡು ವಾರ, ವೇಲ್ಸ್ ದೇಶದ ಒಂದು ಹಳೆಯ ಕಲ್ಲಿದ್ದಲು ಗಣಿ ಊರಿನಲ್ಲಿ ಕ್ಷೇತ್ರಕಾರ್ಯ. ನಾನೂ ಗಣಿ ಊರಿನ ಕಡೆಯವನು ಅಂತ ಆರಿಸಿದೆವು ಅಂದರು. ಹನ್ನೆರಡು ವಾರ ತಮ್ಮ ಕೆಮ್ಮಿಗೆ ನೆಮ್ಮದಿ ಸಿಗಲಿ ಅಂತ ಆರಿಸಿದರು ಎಂಬುದು ನನ್ನ ಅನುಮಾನ.

ಬಂಗಾರಪೇಟೆ ಸ್ಟೇಷನ್

ಕಳಿಸಿಕೊಡಲು ಮನೆಯವರೆಲ್ಲ ಬಂದಿದ್ದರು. ಅಮ್ಮ ಅಳುವ ತಯಾರಿಯಲ್ಲಿದ್ದಳು. ಅದನ್ನು ತಪ್ಪಿಸೋಣ ಅಂತ ನಾನು ಮೂಗು ಹಿಡಿದುಕೊಂಡು ಸ್ಟೇಷನ್ನಿನ ಅನೌನ್ಸ್‌ಮೆಂಟ್ ಶುರು ಮಾಡಿದೆ. "ಯಾತ್ರಿಗಳೇ ದಯವಿಟ್ಟು ಗಮನಿಸಿ…" ರೈಲು ಬೇರೆ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಅಂತ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಮೂಟೆ ಇಟ್ಟುಕೊಂಡು ಕೂತಿದ್ದ ಮುದುಕರೊಬ್ಬರು ಎದ್ದು ಮೆಟ್ಟಿಲ ಕಡೆ ಓಡತೊಡಗಿದರು.

ಅಜ್ಜಿ ನನ್ನ ತಲೆಗೆ ಮೊಟಕಿದಳು. "ನಿನ್ ಬಾಯಿ ಬಿದ್ದೋಗ! ಪಾಪ ಎಂಗ್ ಓಡ್ತಾವ್ನೆ ನೋಡ್ಲಾ. ಓಗು, ಕರ್ಕಂಬಾ."

ನಾನು ಓಡಿ ಕರೆದುಕೊಂಡು ಬಂದೆ. ಅವರು ತೆಲುಗಿನಲ್ಲಿ ನನ್ನ ವಂಶವನ್ನು ಜಾಲಾಡಿದರು. ಅಮ್ಮ ನಕ್ಕಳು, ಅಪ್ಪ ನಕ್ಕರು. ಅಜ್ಜಿ ಮಾತ್ರ ನಗದೆ ಹುರಿಹಿಟ್ಟಿನ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿ, "ಅಲ್ಲಿ ಯಾರ್ನೂ ಇಂಗ್ ಓಡಿಸ್ಬ್ಯಾಡ" ಅಂದಳು.

ನನಗೆ ಮಿಮಿಕ್ರಿ ಬಂದದ್ದು ಈ ಅಜ್ಜಿಯಿಂದ. ತಾತ ನಮ್ಮೂರ ಹತ್ತಿರದ ಕೋರಮಂಡಲ್ ಬಂಗಾರದ ಗಣಿಯಲ್ಲಿ ಒಳಗಿಳಿಯುವ ಕೆಲಸದಲ್ಲಿದ್ದಾಗ ಅವರಿಬ್ಬರೂ ಅಲ್ಲಿನ ಕಾರ್ಮಿಕರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದ್ದರು. ಗಣಿ ಮುಚ್ಚಿದ ಮೇಲೆ ಊರಿಗೆ ಬಂದು ಹಸು ಕಟ್ಟಿದರು. ನಾನು ಹುಟ್ಟುವ ಹೊತ್ತಿಗೆ ಗಣಿಯ ಸೈರನ್ ಬಾಯಿ ಮುಚ್ಚಿತ್ತು. ನಾನು ಕೇಳಿದ್ದು ಅಜ್ಜಿಯ ಬಾಯಲ್ಲಿ. ಎರಡು ಕೈ ಬಾಯಿಗೆ ಹಿಡಿದು, ಕೆಳಗಿನಿಂದ ಎಬ್ಬಿಸಿ, ಮೇಲಕ್ಕೆ ಒಯ್ದು, ಉಸಿರು ಬಿಟ್ಟು, ಮತ್ತೆ ಎಬ್ಬಿಸಿ. ನನ್ನ ಮೊದಲ ಐಟಂ ಅದು. ಕಾಲೇಜಿನ ಪ್ರತಿ ಕಾರ್ಯಕ್ರಮದಲ್ಲೂ ಅದಕ್ಕೆ ಶಿಳ್ಳೆ ಬೀಳುತ್ತಿತ್ತು.

ಕಣಿವೆ ಊರು, ಮೊದಲ ವಾರ

ವಿಮಾನ, ರೈಲು, ಬಸ್ಸು ಅಂತ ಎರಡು ದಿನ ಮೈ ನುಜ್ಜು ಮಾಡಿಕೊಂಡು ಇಳಿದರೆ ಎದುರಿಗೆ ಕೋರಮಂಡಲ್! ಒಂದರ ಭುಜಕ್ಕೊಂದು ಭುಜ ಒರಗಿಸಿಕೊಂಡು ಗುಡ್ಡದುದ್ದಕ್ಕೂ ನಿಂತ ಲೈನ್ ಮನೆಗಳು. ಊರ ತಲೆಯ ಮೇಲೆ ಗಣಿಯ ತ್ಯಾಜ್ಯದ ದಿಬ್ಬ. ನಮ್ಮಲ್ಲಿನ ಇಂಥದೇ ಸೈನೈಡ್ ಮಣ್ಣಿನ ದಿಬ್ಬ ಗಾಳಿ ಬಂದರೆ ಊಟದ ತಟ್ಟೆಗೇ ಬರುತ್ತದೆ. ಇವರದು ಮೈತುಂಬ ಹುಲ್ಲು ಹೊದ್ದುಕೊಂಡು ಕುರಿ ಮೇಯಿಸುತ್ತಿತ್ತು. ಒಂದೇ ಕೊರತೆ, ಜನ. ನಮ್ಮ ಲೈನಿನಲ್ಲಿ ಒಂದು ಮನೆಯ ಜಗಳಕ್ಕೆ ಹತ್ತು ಮನೆಯವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಇಲ್ಲಿ ಬೀದಿ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು.

ಮೊದಲ ದಿನ ಬಸ್‌ಸ್ಟಾಪಿನಲ್ಲಿ ಸಭ್ಯನಾಗಿ ಕೈಕಟ್ಟಿ ನಿಂತೆ. ಬಸ್ಸು ನನ್ನನ್ನು ನೋಡಿಕೊಂಡೇ ಹೋಯಿತು. ಎರಡನೆಯದೂ ಹೋಯಿತು. ಅಲ್ಲಿ ಕೈ ಅಡ್ಡ ಮಾಡದಿದ್ದರೆ ಸ್ಟಾಪಿನಲ್ಲೂ ಬಸ್ಸು ನಿಲ್ಲುವುದಿಲ್ಲವಂತೆ. ನಮ್ಮ ಕಡೆ ರಸ್ತೆ ಬದಿಯಲ್ಲಿ ತಲೆ ಕೆರೆದುಕೊಂಡರೂ ಬ್ರೇಕ್ ಹಾಕಿ, "ಅತ್ತು ಅತ್ತು" ಅಂತಾರೆ.

ಎದುರಿಗೆ ಸಿಕ್ಕವರೆಲ್ಲ "ಚೆನ್ನಾಗಿದ್ದೀಯಾ?" ಅನ್ನುತ್ತಿದ್ದರು. ಅಬ್ಬ, ಎಂಥ ಜನ ಅಂದುಕೊಂಡು ನಾನು ನಿಂತು, ನಿದ್ದೆ ಸರಿಯಾಗಿಲ್ಲ, ಹೊಟ್ಟೆ ಸ್ವಲ್ಪ ಕೆಟ್ಟಿದೆ ಅಂತ ವಿವರ ಕೊಡಲು ಶುರು ಮಾಡಿದರೆ, ಕೇಳಿದವರು ಆಗಲೇ ತಿರುವು ದಾಟಿರುತ್ತಿದ್ದರು. ಉತ್ತರ ಬೇಕಿಲ್ಲದ ಪ್ರಶ್ನೆ. ಬೇಜಾರಾಯಿತು. ಆಮೇಲೆ ನೆನಪಾಯಿತು, ನಾವು "ಊಟ ಆಯ್ತಾ?" ಅಂದಾಗ ಎದುರಿನವರು "ಇಲ್ಲ" ಅಂದುಬಿಟ್ಟರೆ ನಮ್ಮ ಮುಖ ಹೇಗಾಗುತ್ತದೆ ಅಂತ.

ನನಗೆ ಕೊಟ್ಟ ರೂಮಿನಲ್ಲಿ ಒಂದು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಒಂದು ಕುರಿ. ಸಂಜೆ ಹುರಿಹಿಟ್ಟು ಕಲಸಿಕೊಂಡು ಕೂತು ಗೋಡೆಗೆ ಬಂಗಾರಪೇಟೆ ಅನೌನ್ಸ್‌ಮೆಂಟ್ ಹೇಳುತ್ತಿದ್ದೆ. ಜೊತೆಯ ವಿದ್ಯಾರ್ಥಿಗಳಿಗೆ ಒಂದು ದಿನ ನಮ್ಮ ಕಂಡಕ್ಟರನ್ನು ಮಾಡಿ ತೋರಿಸಿದೆ. ಅವರು ತಲೆ ಓರೆ ಮಾಡಿ ಕೇಳಿ, "ತುಂಬಾ ಚೆನ್ನಾಗಿದೆ" ಅಂದರು. ನಗು ಮಾತ್ರ ಬರಲಿಲ್ಲ. ಮಿಮಿಕ್ರಿಯಲ್ಲಿ ಅರ್ಧ ಕೆಲಸ ನನ್ನದು, ಇನ್ನರ್ಧ ಅಸಲಿಯನ್ನು ಕಂಡವರದು. ಅಸಲಿಯನ್ನೇ ಕಾಣದವರ ಮುಂದೆ ನಾನು ಬರೀ ಸದ್ದು ಮಾಡುವ ಹುಡುಗ. ಇಡೀ ದೇಶದಲ್ಲಿ ನನ್ನ ಕಂಡಕ್ಟರನ್ನು ಬಲ್ಲವನು ನಾನೊಬ್ಬನೇ.

ಗ್ವೆನ್ ಮನೆ

ನನ್ನ ಮೇಲ್ವಿಚಾರಕಿ ಹೆಲೆನ್. ಕೊಡೆ ಇಲ್ಲದೆ ಮಳೆಯಲ್ಲಿ ನಡೆಯುವ, ಪ್ರತಿ ವಾಕ್ಯಕ್ಕೂ ಮುಂಚೆ ಮೂರು ಸೆಕೆಂಡು ಯೋಚಿಸುವ ಹೆಂಗಸು. ತಿಂಗಳು ಕಳೆದ ಮೇಲೆ ಅವರು ನನಗೆ ಒಪ್ಪಿಸಿದ್ದು ಗ್ವೆನ್ ಎಂಬುವರನ್ನು. ಗಂಡ ಸತ್ತ ಮೇಲೆ ಎರಡು ಚಳಿಗಾಲದಿಂದ ಗ್ವೆನ್ ಗುಡ್ಡದ ಮೇಲಿನ ಮನೆಯಿಂದ ಇಳಿದಿಲ್ಲ. ಕೆಳಗೆ ಗಣಿ ಕಾರ್ಮಿಕರ ಹಳೆಯ ಸಭಾಭವನದಲ್ಲಿ ಪ್ರತಿ ಗುರುವಾರ ವಯಸ್ಸಾದವರೆಲ್ಲ ಒಂದು ಉದ್ದ ಮೇಜಿನ ಸುತ್ತ ಟೀಗೆ ಸೇರುತ್ತಾರೆ. ಆ ಮೇಜಿಗೆ ಗ್ವೆನ್ ಬರುವ ಹಾಗಾಗಬೇಕು. "ಇನ್ನೊಂದು ಚಳಿಗಾಲ ಅವರು ಹೀಗೇ ಒಳಗಿದ್ದರೆ, ಆಮೇಲೆ ಯಾರು ಕರೆದರೂ ಬರಲ್ಲ" ಅಂದರು ಹೆಲೆನ್. ಮಂಗಳವಾರ ಮೂರು ಗಂಟೆಗೆ ನನ್ನ ಭೇಟಿ, ಒಂದು ಗಂಟೆ ಕಾಲ.

ಕೋರಮಂಡಲಿನಲ್ಲಿ ನಾನು ಕಾಲೇಜಿನ ಕ್ಷೇತ್ರಕಾರ್ಯಕ್ಕೆ ಮನೆ ಭೇಟಿ ಮಾಡುವಾಗ ಗಂಟೆ ಅಂತ ಒಂದು ಇರುತ್ತದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ತಮಿಳಿನಲ್ಲಿ "ವಾ ತಂಬಿ, ಉಕ್ಕಾರು" ಅಂತ ಕೂರಿಸಿ ಟೀ ಕೊಡುತ್ತಿದ್ದರು. ಆಮೇಲೆ, "ಯಾರಪ್ಪ ನೀನು?" ಇಲ್ಲಿ ನಾನು ಕಾಲು ಗಂಟೆ ಮುಂಚೆ ಹೋಗಿ ಬೆಲ್ ಒತ್ತಿದೆ. ಮೇಲಿನ ಕಿಟಕಿ ತೆರೆಯಿತು. ಬಿಳಿ ತಲೆಯೊಂದು ಕಾಣಿಸಿತು.

"ಇನ್ನೂ ಹದಿನೈದು ನಿಮಿಷ ಇದೆ."

ಕಿಟಕಿ ಮುಚ್ಚಿತು. ಹದಿನೈದು ನಿಮಿಷ ಮಳೆಯಲ್ಲಿ ನಿಂತೆ. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡ ಜರ್ಕಿನ್ನು 'ನೀರು ಒಳಗೆ ಹೋಗಲ್ಲ' ಅಂತ ಅಂಗಡಿಯವನು ಆಣೆ ಮಾಡಿ ಕೊಟ್ಟಿದ್ದ. ನಿಜ, ಒಳಗೆ ಹೋದದ್ದು ಹೊರಗೂ ಬರಲಿಲ್ಲ.

ಮೂರು ಗಂಟೆಗೆ ಬಾಗಿಲು ತೆರೆಯಿತು. ಗೋಡೆಯ ಮೇಲೆ ಮೂರು ಫೋಟೋ. "ಅಪ್ಪ, ತಮ್ಮ, ಗಂಡ" ಅಂದರು ಗ್ವೆನ್, ಬೆರಳು ಮಾತ್ರ ಆಡಿಸಿ. "ಮೂವರೂ ಇದೇ ಗಣಿ." ಅಷ್ಟೇ. ತಮ್ಮ ಅಂದದ್ದು ಮೀಸೆ ಚಿಗುರದ ಒಬ್ಬ ಹುಡುಗ. ಏನಾಯಿತು ಅಂತ ನಾನು ಕೇಳಲಿಲ್ಲ. ಆ ಒಂದು ಗಂಟೆ ಪೂರ್ತಿ ಗೋಡೆ ಗಡಿಯಾರ ನಮ್ಮಿಬ್ಬರ ಪರವಾಗಿ ಮಾತಾಡಿತು.

ಎರಡನೇ ಮಂಗಳವಾರ ಅವರು ಬಾಗಿಲು ತೆರೆಯುವ ಮೊದಲೇ, ಹೊರಗಿನಿಂದಲೇ, ಅವರದೇ ದನಿಯಲ್ಲಿ ಕೂಗಿದೆ: "ಇನ್ನೂ ಹದಿನೈದು ನಿಮಿಷ ಇದೆ!" ಒಳಗೆ ಕೆಮ್ಮಿನ ಹಾಗೆ ಏನೋ ಕೇಳಿಸಿತು. ಬಾಗಿಲು ತೆರೆದಾಗ ನೋಡಿದರೆ ಅದು ನಗು. "ನಾನು ಅಷ್ಟು ಕೆಟ್ಟದಾಗಿ ಮಾತಾಡ್ತೀನಾ?" ಅಂದರು. "ಇಲ್ಲ, ಇನ್ನೂ ಕೆಟ್ಟದಾಗಿ. ನಾನು ಸ್ವಲ್ಪ ತಿದ್ದಿದೆ" ಅಂದೆ. ಅವರ ಕೆಟಲ್ ಕುದಿಯುವುದನ್ನು ಮಾಡಿದೆ, ಪಕ್ಕದ ಮನೆಯ ನಾಯಿ ಬೊಗಳುವುದನ್ನು ಮಾಡಿದೆ, ಹೆಲೆನ್‌ರ ಮೂರು ಸೆಕೆಂಡಿನ ಮೌನವನ್ನೂ ಮಾಡಿದೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ನನ್ನ ಅಸಲಿಗಳನ್ನು ಬಲ್ಲ ಒಬ್ಬರು ಸಿಕ್ಕಿದ್ದರು. ಯಾರು ಯಾರಿಗೆ ಸೇವೆ ಮಾಡಿದರೋ, ವರದಿಯಲ್ಲಿ ಬರೆಯುವಾಗ ನನಗೇ ಗೊಂದಲವಾಯಿತು.

ಆ ವಾರವೇ ಗುರುವಾರ ಗ್ವೆನ್ ನೀಲಿ ಕೋಟು ಹಾಕಿ, ನನ್ನ ಮೊಣಕೈ ಹಿಡಿದು ಗುಡ್ಡ ಇಳಿದರು. ಸಭಾಭವನದಲ್ಲಿ ಎಲ್ಲರೂ ಅವರನ್ನು ನೋಡಿಯೂ ನೋಡದ ಹಾಗೆ ಸರಿದು ಜಾಗ ಮಾಡಿಕೊಟ್ಟರು. ನಮ್ಮೂರಾಗಿದ್ದರೆ ಅಯ್ಯೋ ಇಷ್ಟು ದಿನ ಎಲ್ಲಿದ್ದೆ ಅಂತ ಎದೆ ಬಡಿದುಕೊಂಡು ಸ್ವಾಗತಿಸುತ್ತಿದ್ದರು. ಹೆಲೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹುಬ್ಬು ಹಾರಿಸಿದರು. ನಾನು ಆಗಲೇ ಡಿಗ್ರಿ ಸಿಕ್ಕಿದವನ ಹಾಗೆ ಬಿಸ್ಕತ್ತು ತಿಂದೆ.

ಮೂರನೇ ಗುರುವಾರ

ಅಂದು ಗ್ವೆನ್ ಪಕ್ಕ ರಾಯ್ ಕೂತಿದ್ದರು. ಗಣಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಕಿವಿ ಕಳೆದುಕೊಂಡವರು, ಎರಡೂ ಕಿವಿಗೆ ಯಂತ್ರ. ಆದರೆ ನಾಲಿಗೆಗೆ ಏನೂ ಆಗಿರಲಿಲ್ಲ.

"ನಿಮ್ಮೂರಲ್ಲೂ ಗಣಿ ಇತ್ತಂತೆ, ಬಂಗಾರದ್ದಂತೆ?" ಅಂದರು. "ಮತ್ತೆ ನೀನ್ಯಾಕೆ ಹೀಗಿದ್ದೀಯ?"

ಮೇಜು ನಕ್ಕಿತು. ಗ್ವೆನ್ನೂ ನಕ್ಕರು. ಅಷ್ಟು ಜನ ಒಟ್ಟಿಗೆ ನನ್ನ ಕಡೆ ನೋಡಿ ನಗುವುದನ್ನು ಕಂಡು ಎಷ್ಟೋ ವಾರವಾಗಿತ್ತು. ನನಗೆ ಏರಿತು. ಇವರು ಗಣಿ ಜನ, ಸೈರನ್ ಕೇಳಿ ಬೆಳೆದವರು. ನನ್ನ ಕಂಡಕ್ಟರ್ ಇವರಿಗೆ ಗೊತ್ತಿಲ್ಲದಿರಬಹುದು, ಇದು ಗೊತ್ತು! ಎದ್ದು ನಿಂತೆ. "ನಮ್ಮೂರ ಸೈರನ್ ಕೇಳಿ" ಅಂದೆ. ಎರಡು ಕೈ ಬಾಯಿಗೆ ಹಿಡಿದು, ಅಜ್ಜಿ ಕಲಿಸಿದ ಹಾಗೆ, ಕೆಳಗಿನಿಂದ ಎಬ್ಬಿಸಿ ಮೇಲಕ್ಕೆ ಒಯ್ದೆ. ಉಸಿರು ಬಿಟ್ಟು ಮತ್ತೆ. ಮತ್ತೆ. ಮತ್ತೆ. ಸಭಾಭವನದ ಎತ್ತರದ ಸೂರು ಅದನ್ನು ಎರಡು ಪಟ್ಟು ಮಾಡಿ ಕೊಟ್ಟಿತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೂಗಿರಲಿಲ್ಲ.

ನಿಲ್ಲಿಸಿ ಶಿಳ್ಳೆಗೆ ಕಾದೆ.

ರಾಯ್ ತಮ್ಮ ಕಿವಿಯ ಯಂತ್ರಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಗ್ವೆನ್ ಎದ್ದರು. ಯಾರನ್ನೂ ನೋಡಲಿಲ್ಲ. ಕೋಟನ್ನೂ ನೋಡಲಿಲ್ಲ. ಬಾಗಿಲು ತೆರೆದು ಮಳೆಗೆ ಹೋದರು. ನಾನು ಹಿಂದೆ ಓಡಲು ಹೊರಟೆ. ರಾಯ್ ನನ್ನ ತೋಳು ಹಿಡಿದು ಕೂರಿಸಿದರು. ಆ ಕೈ ಗಟ್ಟಿಯಿತ್ತು, ಆದರೆ ಸಿಟ್ಟು ಇರಲಿಲ್ಲ.

"ಒಂದು ಸಲ ಕೂಗಿದ್ರೆ ಪಾಳಿ ಬದಲಾಯ್ತು ಅಂತ" ಅಂದರು, ತಮ್ಮ ದನಿ ತಮಗೇ ಕೇಳದವರ ಹಾಗೆ ಗಟ್ಟಿಯಾಗಿ. "ಬಿಟ್ಟು ಬಿಟ್ಟು ಕೂಗ್ತಾನೇ ಇದ್ರೆ, ಹೆಂಗಸರು ಒಲೆ ಮೇಲಿಟ್ಟಿದ್ದನ್ನ ಹಾಗೇ ಬಿಟ್ಟು ಗಣಿ ಹತ್ರ ಓಡ್ತಿದ್ರು. ಗ್ವೆನ್ ಓಡಿದಾಗ ಅವಳಿಗೆ ಹತ್ತೊಂಬತ್ತು. ತಮ್ಮನಿಗೆ ಹದಿನಾರು."

ಮರುದಿನ ಬೆಳಿಗ್ಗೆ ಹೆಲೆನ್ ಹೇಳಿದರು: ಗ್ವೆನ್ ಫೋನ್ ಮಾಡಿದ್ದರು. ಮಂಗಳವಾರವೂ ಬೇಡ, ಗುರುವಾರವೂ ಬೇಡ.

ಫೋನಿನಲ್ಲಿ ಕ್ಯಾಸಂಬಳ್ಳಿ

ತಕ್ಷಣ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗಲೇ ಸಂಜೆಯ ಹಾಲು ಕರೆಯುವ ಹೊತ್ತು ಹತ್ತಿರವಾಗಿತ್ತು. ಅಜ್ಜಿ ಫೋನನ್ನು ಕೊಟ್ಟಿಗೆಯ ಗೂಟಕ್ಕೆ ಒರಗಿಸಿದ್ದರಿಂದ ಅರ್ಧ ಅಜ್ಜಿ, ಅರ್ಧ ಹಸು ಕಾಣುತ್ತಿತ್ತು.

"ಅಜ್ಜಿ, ನಂಗೆ ಸೈರನ್ ಕಲಿಸಿದ್ಯಲ್ಲ, ಅದು ಯಾವ ಶಿಫ್ಟಿಂದು?"

"ಯಾಕ್ಲಾ?"

"ಯಾವ್ದು ಅಂತ ಏಳು."

ಹಸುವಿನ ಮೈ ಉಜ್ಜುತ್ತಿದ್ದ ಕೈ ನಿಂತಿತು. "ಸಿಫ್ಟಿಂದಲ್ಲ ಕಣ್ಲಾ ಅದು. ಒಳ್ಗೆ ಬಂಡೆ ಸಿಡ್ದಾಗ ಕೂಗಿದ್ದು."

"ಮತ್ತೆ ನಂಗ್ಯಾಕೆ ಏಳ್ಲಿಲ್ಲ?"

"ನೀನು ಮೂರು ವರ್ಸದ ಕೂಸು. ನಾನು ಕೂಗಿದ್ರೆ ಕೈ ತಟ್ಟಿ ತಟ್ಟಿ ನಗ್ತಿದ್ದೆ. ನಗೋ ಕೂಸ್ಗೆ ಇದು ಸಾವಿನ ಸೈರನ್ನು ಅಂತ ಏಳಕ್ಕಾಯ್ತದಾ?"

"ಬೇರೇದು ಕೂಗ್ಬೋದಿತ್ತು."

"ಸಿಫ್ಟಿಂದು ದಿನಾ ಮೂರೊತ್ತೂ ಕೂಗ್ತಿತ್ತು. ದಿನಾ ಕೇಳಿದ್ದು ಯಾರ್ಗ್ ನೆಪ್ಪಿರ್ತದೆ? ಇದನ್ನ ನಾನು ಕೇಳಿದ್ದು ಒಂದೇ ದಿನ. ಗೇಟ್ ತಾವ ಕುಂತಿದ್ದೆ, ಮಾರ್ನೆ ದಿನ ಬಿಸ್ಲು ಬರೋ ಗಂಟ. ನಿಮ್ ತಾತ ಬಂದ. ಪಕ್ಕದ ಮನೆ ಸೆಲ್ವಿ ಗಂಡ ಬರ್ಲಿಲ್ಲ."

ನನಗೆ ಕಾಲೇಜಿನ ವಾಚ್‌ಮನ್ ನೆನಪಾದರು. ಲೈನ್ ಮನೆಯಲ್ಲಿ ಬೆಳೆದ ತಮಿಳು ಮುದುಕರು. ನಾನು ವೇದಿಕೆಯ ಮೇಲೆ ಸೈರನ್ ಕೂಗಿದಾಗೆಲ್ಲ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಬೀಡಿಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಅದನ್ನೂ ಮಿಮಿಕ್ರಿ ಮಾಡಿ ಗೆಳೆಯರನ್ನು ನಗಿಸಿದ್ದೆ, ಅವರು ಎದ್ದು ಹೋಗುವ ನಡಿಗೆಯನ್ನು.

ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಓಗಿ ಆವಮ್ಮನ ಬಾಗ್ಲಲ್ಲಿ ನಿಂತ್ಕ" ಅಂದಳು. "ಬೈದ್ರೆ ಬೈಸ್ಕ. ಆಮೇಲೆ ನೀರ್ ಕೇಳು. ಕೊಟ್ರೆ ಮುಗೀತು. ಕೊಡ್ಲಿಲ್ಲಾಂದ್ರೆ ನಾಳಿಕ್ ಮತ್ತೆ ಓಗು."

ನಮ್ಮ ಕಡೆ ಹಾಗೆಯೇ. ಮಾತು ಬಿಟ್ಟವರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಒಂದು ಲೋಟ ನೀರು ಕೇಳಿ, ಕೊಟ್ಟು, ಕುಡಿದರೆ ಪಂಚಾಯ್ತಿ ಬೇಕಿಲ್ಲ.

ಹೆಲೆನ್ ರೂಮು

ಅಜ್ಜಿ ಹೇಳಿದ ಹಾಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ ಅಂದೆ. ಮೂರು ಸೆಕೆಂಡು. "ಬೇಡ" ಅಂದರು ಹೆಲೆನ್. "ಅವರು ಬರಬೇಡ ಅಂದಿದ್ದಾರೆ. ಬಾಗಿಲಲ್ಲಿ ನಿಂತರೆ ನಿನ್ನ ಮನಸ್ಸು ಹಗುರಾಗುತ್ತೆ. ಅವರದ್ದು?"

ವ್ಯಕ್ತಿಯ ಸ್ವನಿರ್ಧಾರದ ಹಕ್ಕು ಅಂತ ಪರೀಕ್ಷೆಯಲ್ಲಿ ನಾನು ಎರಡು ಪುಟ ಬರೆದಿದ್ದೆ. ಬರೆಯುವುದು ಸುಲಭ. ಅದನ್ನು ಇಟ್ಟುಕೊಂಡು ಗುಡ್ಡದ ಕೆಳಗೆ ಸುಮ್ಮನೆ ಕೂರುವುದು ಕಷ್ಟ.

"ಅವರ ಕೋಟು ಇಲ್ಲೇ ಉಳಿದಿದೆ" ಅಂದೆ, ಬಹಳ ಅಮಾಯಕನ ಹಾಗೆ. "ಕೊಟ್ಟು ಬರ್ತೀನಿ."

"ಕೋಟು ನಾನು ಕೊಟ್ಟು ಬರ್ತೀನಿ. ನೀನು ಕಾಗದ ಬರಿ."

ಮೊದಲ ಕಾಗದ ಪಠ್ಯಪುಸ್ತಕದ ಹಾಗಿತ್ತು, ಹರಿದೆ. ಎರಡನೆಯದರಲ್ಲಿ ನನ್ನ ದುಃಖವೇ ಜಾಸ್ತಿ ಇತ್ತು, ಅದನ್ನೂ ಹರಿದೆ. ಮೂರನೆಯದರಲ್ಲಿ ಅಜ್ಜಿ ಹೇಳಿದ್ದನ್ನು ಮಾತ್ರ ಬರೆದೆ: ಕೂಸು ನಗುತ್ತಿದ್ದದ್ದು, ಗೇಟು, ತಾತ, ಸೆಲ್ವಿಯ ಗಂಡ. ಕೊನೆಗೆ ನೀರಿನ ವಿಷಯ. ಹೆಲೆನ್ ಅದನ್ನು ಕೋಟಿನ ಜೇಬಿಗೆ ಹಾಕಿ ತೆಗೆದುಕೊಂಡು ಹೋದರು.

ಒಂದು ವಾರ ಏನೂ ಇಲ್ಲ. ಎರಡು ವಾರ ಏನೂ ಇಲ್ಲ. ಗುರುವಾರದ ಮೇಜಿನಲ್ಲಿ ಗ್ವೆನ್ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ, ಯಾರೂ ಕೂರಲೂ ಇಲ್ಲ. ನಾನು ಟೀ ಹಂಚಿದೆ, ಬಟ್ಟಲು ತೊಳೆದೆ, ಬಾಯಿ ತೆರೆಯಲಿಲ್ಲ. "ಏನಾಯ್ತು? ಬ್ಯಾಟರಿ ಮುಗೀತಾ?" ಅಂತ ರಾಯ್ ತಮ್ಮ ಕಿವಿಯ ಯಂತ್ರದ ಒಂದು ಸಣ್ಣ ಬ್ಯಾಟರಿಯನ್ನು ನನ್ನ ಮುಂದಿಟ್ಟರು. ನಗಲು ನೋಡಿದೆ. ರೂಮಿಗೆ ಬಂದರೆ ಗೋಡೆಗೂ ಹೇಳಲು ಏನೂ ಇರಲಿಲ್ಲ. ಅನೌನ್ಸ್‌ಮೆಂಟ್ ಎತ್ತಿಕೊಂಡರೆ ಮೂಟೆ ಹೊತ್ತು ಓಡುವ ಮುದುಕರು ಕಾಣುತ್ತಿದ್ದರು. ಹುರಿಹಿಟ್ಟಿನ ಡಬ್ಬಿ ತಳ ಕಂಡಿತು. ಕಿಟಕಿಯಾಚೆಯ ಕುರಿಯೂ ಬೇರೆ ಗುಡ್ಡಕ್ಕೆ ಹೋಗಿತ್ತು. ಇನ್ನೆರಡು ವಾರಕ್ಕೆ ನನ್ನ ವಾಪಸ್ ಟಿಕೆಟ್. ನಾನು ಹೊರಡುವ ಮುಂಚೆಯೇ ಚಳಿಗಾಲ ಬರುವ ಹಾಗಿತ್ತು.

ಶನಿವಾರ ಒಂದು ಕಾರ್ಡು ಬಂತು. ಅಕ್ಷರ ನಡುಗಿತ್ತು, ಮಾತು ನಡುಗಿರಲಿಲ್ಲ.

"ಮಂಗಳವಾರ, ಮೂರು ಗಂಟೆ. ಹದಿನೈದು ನಿಮಿಷ ಮುಂಚೆ ಅಲ್ಲ."

ಹೆಲೆನ್‌ಗೆ ತೋರಿಸಿದೆ. ಈ ಸಲ ಅವರು ಮೂರು ಸೆಕೆಂಡೂ ತೆಗೆದುಕೊಳ್ಳಲಿಲ್ಲ. "ಹೋಗು" ಅಂದರು.

ಮಂಗಳವಾರ, ಮೂರು ಗಂಟೆ

ಬೆಲ್ ಒತ್ತಿದೆ. ಬಾಗಿಲು ತೆರೆಯಿತು. ಗ್ವೆನ್ ಸ್ವಲ್ಪ ಸಣ್ಣಗಾಗಿದ್ದರು, ಅಥವಾ ನನಗೆ ಹಾಗನ್ನಿಸಿತು. ಕೆಟಲ್ ಆಗಲೇ ಕೂಗುತ್ತಿತ್ತು. ನಾನು ಕೂರಲಿಲ್ಲ.

"ಟೀ ಆಗ್ತಿದೆ" ಅಂದರು.

"ಮೊದಲು ಒಂದು ಲೋಟ ನೀರು ಕೊಡ್ತೀರಾ?"

ಅವರು ಒಳಗೆ ಹೋಗಿ ನಲ್ಲಿ ತಿರುಗಿಸಿದರು. ತುಂಬಿದ ಗಾಜಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ತಂದರು, ಒಂದು ಹನಿ ಚೆಲ್ಲದ ಹಾಗೆ. "ಪೂರ್ತಿ ಕುಡಿಬೇಕಾ, ಒಂದು ಗುಟುಕು ಸಾಕಾ? ನಿಮ್ಮಜ್ಜಿ ಏನು ಹೇಳಿದ್ದಾರೆ?"

"ಅದನ್ನ ಹೇಳಿಲ್ಲ."

"ಹಾಗಾದ್ರೆ ಪೂರ್ತಿ ಕುಡಿ."

ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಪೂರ್ತಿ ಕುಡಿದೆ. ಅವರು ಲೋಟ ಇಸಿದುಕೊಂಡು ಕುರ್ಚಿಯಲ್ಲಿ ಕೂತರು. ನನ್ನ ಕಾಗದ ಮೇಜಿನ ಮೇಲಿತ್ತು, ಬಹಳ ಸಲ ಮಡಿಸಿ ಬಿಡಿಸಿದ ಹಾಗೆ.

"ನಿಮ್ಮಜ್ಜಿ ಗಂಡ ಮೇಲೆ ಬಂದ."

"ಹೌದು."

"ಪಕ್ಕದ ಮನೆಯವಳ ಗಂಡ ಬರಲಿಲ್ಲ. ಅವಳ ಹೆಸರು ಹೇಗೆ ಹೇಳ್ತೀರಿ?"

"ಸೆಲ್ವಿ."

"ಸೆಲ್ವಿ" ಅಂದರು ಗ್ವೆನ್. ನಮ್ಮ ಲೈನ್ ಮನೆಯವರು ಹೇಳುವಷ್ಟೇ ಸರಿಯಾಗಿ. ಇನ್ನೊಂದು ಸಲ ಹೇಳಿಕೊಂಡರು, ನನಗಲ್ಲ.

ಟೀ ಕುಡಿದೆವು. ನಾಲ್ಕಕ್ಕೆ ಐದು ನಿಮಿಷ ಇದ್ದಾಗ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ಗುರುವಾರ ದಯವಿಟ್ಟು ಬನ್ನಿ. ನಿಮ್ಮ ಕುರ್ಚಿ ಹಾಗೇ ಇದೆ. ನಾನು ಒಂದು ಸದ್ದೂ ಮಾಡಲ್ಲ, ಯಾರ ಹಾಗೂ ಮಾತಾಡಲ್ಲ, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರ್ತೀನಿ, ಆಣೆ.

ಗ್ವೆನ್ ಗೋಡೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಬಾಯಿ ಮುಚ್ಚಿಕೊಂಡು ಕೂರೋರು ನನ್ನ ಗೋಡೆ ಮೇಲೇ ಮೂವರಿದ್ದಾರೆ. ಇನ್ನೊಬ್ಬನನ್ನ ನೋಡೋಕೆ ನಾನು ಗುಡ್ಡ ಇಳಿದು ಬರಬೇಕಾ?"